ನೆಲ ಅಲುಗದ ದಿನ

ಕಳೆದ ತಿಂಗಳು ಬಸವೇಶ್ವರನಗರದ ಅಮ್ಮನ ಮನೆಗೆ ಹೋದಾಗ ಬಾಗಿಲಲ್ಲೇ ಮೂಗಿಗೆ ಬಡಿದದ್ದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ತಂಗಿ ಬಾಣಂತನಕ್ಕೆ ಬಂದಿದ್ದಳು. ನಾನು ಬ್ಯಾಗು ಕೂಡ ಕೆಳಗಿಡದೆ ನೇರ ಅಡುಗೆಮನೆಗೆ ನುಗ್ಗಿದೆ.

"ಅಮ್ಮಾ, ಮೈಗೆ ಎಷ್ಟು ಬೇಕಾದ್ರೂ ಹಚ್ಚು. ಮಗು ಕಿವಿಗೆ ಒಂದು ಹನಿ ಬಿಟ್ರೂ ನಾನು ಸುಮ್ನಿರಲ್ಲ."

ಅಮ್ಮ ದಾವಣಗೆರೆ ಕಡೆಯವಳು. ಬೆಂಗಳೂರಿಗೆ ಬಂದು ಅಷ್ಟು ವರ್ಷವಾದರೂ ಮಾತು ಅಲ್ಲಿಯದೇ. ಎಣ್ಣೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಸುಮ್ಕಿರು ನೀನು. ನಿನ್ನ ಕಿವಿಗೂ ನಾನ ಎಣ್ಣಿ ಬಿಟ್ಟಿದ್ದು. ಈಗ ಊರ ಮಂದಿ ಕಿವಿ ನೋಡಾಕಿ ಆಗೀಯಲ್ಲ, ಏನ್ ಕಮ್ಮಿ ಆತು ನಿಂಗ?"

ಅಮ್ಮನ ಜೊತೆ ವಾದ ಮಾಡಿ ಗೆದ್ದವರನ್ನು ನಾನಿನ್ನೂ ನೋಡಿಲ್ಲ. ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವುದೇ ನನ್ನ ಕೆಲಸ, ಅದಕ್ಕೆಂದೇ ವರ್ಷಗಟ್ಟಲೆ ಓದಿದ್ದೇನೆ ಎಂಬುದೆಲ್ಲ ಅವಳ ಬಾಣಲೆಯ ಮುಂದೆ ನಡೆಯುವುದಿಲ್ಲ. ಎಣ್ಣೆ ಆರಿದ ಮೇಲೆ ಬಟ್ಟಲನ್ನೇ ಎತ್ತಿಕೊಂಡು ಹೋಗಿ ತಂಗಿಯ ಕೈಗೆ ಕೊಟ್ಟು, ಇದಕ್ಕೆ ನೀನೇ ಕಾವಲು ಎಂದೆ. ಕೈಗೆ ಹತ್ತಿದ ಆ ವಾಸನೆ ಸಂಜೆವರೆಗೂ ಹೋಗಲಿಲ್ಲ. ಅದರ ಹಿಂದೆಯೇ ಕಾಮಾಕ್ಷಿಪಾಳ್ಯ, ಕೆಂಪಣ್ಣ, ಅವರ ಮೊಮ್ಮಗಳು, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಆ ಮಳೆಗಾಲ, ಎಲ್ಲ ಬಂದು ಮನಸ್ಸಿನಲ್ಲಿ ಕೂತವು.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಮಳೆ ಸುರಿದು ಹೋಗುವ ಜಾತಿಯದಲ್ಲ. ದಿನವಿಡೀ ಜಿನುಗುತ್ತ, ಅಗೆದು ಬಿಟ್ಟ ರಸ್ತೆಗಳನ್ನೆಲ್ಲ ಕೆಸರು ಮಾಡುತ್ತ, ಒಗೆದ ಬಟ್ಟೆ ಒಣಗಲು ಬಿಡದ ಮಳೆ. ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ಹುಟ್ಟಿದ ಪ್ರತಿ ಮಗುವಿನ ಕಿವಿಯನ್ನೂ ಮನೆಗೆ ಕಳಿಸುವ ಮೊದಲೇ ಪರೀಕ್ಷಿಸಬೇಕೆಂದು ಆಗತಾನೇ ಶುರು ಮಾಡಿದ್ದರು. ಆ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ಯಂತ್ರ ಕೊಟ್ಟರು, ಕೋಣೆ ಕೊಡಲಿಲ್ಲ. ನನಗೆ ಬೇಕಾದದ್ದು ನಿದ್ದೆ ಮಾಡುವ ಮಗು ಮತ್ತು ನಿಶ್ಶಬ್ದ. ಮಕ್ಕಳಿಗೇನೂ ಬರವಿರಲಿಲ್ಲ. ಆದರೆ ಹೆರಿಗೆ ವಾರ್ಡಿನಲ್ಲಿ ನಿಶ್ಶಬ್ದ ಹುಡುಕುವುದೂ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಹುಡುಕುವುದೂ ಒಂದೇ. ಕೊನೆಗೆ ವಾರ್ಡಿನ ಫಿಲೋಮಿನಾ ಸಿಸ್ಟರ್ ಒಗೆದ ಬೆಡ್‌ಶೀಟುಗಳನ್ನಿಡುವ ಕೋಣೆಯ ಬೀಗ ತೆಗೆದುಕೊಟ್ಟರು. ಬಟ್ಟೆಯ ರಾಶಿ ಹೊರಗಿನ ಗದ್ದಲವನ್ನು ಹೀರಿಕೊಳ್ಳುತ್ತಿತ್ತು. ಫಿನಾಯಿಲ್ ಮತ್ತು ಒದ್ದೆ ಬಟ್ಟೆಯ ವಾಸನೆಯ ಆ ಕೋಣೆಯೇ ನನ್ನ ಆಫೀಸಾಯಿತು.

ಪರೀಕ್ಷೆ ಬಹಳ ಸರಳ. ಹಾಲು ಕುಡಿದು ಮಲಗಿದ ಮಗುವಿನ ಕಿವಿಯೊಳಗೆ ಮೆತ್ತನೆಯ ಒಂದು ಪುಟ್ಟ ಬಿರಡೆ ಇಡುತ್ತೇವೆ. ಅದರಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಒಳಗೆ ಹೋಗುತ್ತದೆ. ಒಳಕಿವಿ ಸರಿಯಾಗಿದ್ದರೆ ಅದು ತಾನೂ ಒಂದು ಕ್ಷೀಣವಾದ ಮಾರ್ದನಿ ಕೊಡುತ್ತದೆ. ಅದು ಸಿಕ್ಕಿದರೆ ಯಂತ್ರದ ಮೇಲೆ 'ಪಾಸ್' ಎಂದು ಬರುತ್ತದೆ, ಸಿಗದಿದ್ದರೆ 'ರೆಫರ್'. ಸೂಜಿಯಿಲ್ಲ, ರಕ್ತವಿಲ್ಲ. ಆದರೂ ಅಜ್ಜಿಯರು ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಲ್ಲುತ್ತಿದ್ದರು. ಪಾಸ್ ಎಂದ ಕೂಡಲೇ ಮುಖ ಅರಳುತ್ತಿತ್ತು. "ಅವರಪ್ಪ ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದ್ದ, ಮಗ ನೋಡಿ ಮೊದಲನೇ ಸಲಕ್ಕೇ ಪಾಸು," ಎಂದು ಒಬ್ಬ ಅಜ್ಜಿ ವಾರ್ಡಿಗೆಲ್ಲ ಸಾರಿಕೊಂಡು ಹೋದರು.

ರೆಫರ್ ಬಂದರೆ ಕಿವುಡು ಎಂದೇನೂ ಅಲ್ಲ. ಹುಟ್ಟಿದ ಹೊಸತರಲ್ಲಿ ಕಿವಿಯಲ್ಲಿ ನೀರಿನಂಥದ್ದೇನೋ ಉಳಿದಿರುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಿದರೆ ಬಹಳ ಮಕ್ಕಳು ಪಾಸಾಗುತ್ತಾರೆ. ಆದರೆ ಅಷ್ಟರಲ್ಲಿ ನಮ್ಮ ಮನೆಗಳಲ್ಲಿ ಏನಾಗಿರುತ್ತದೆ? ದಿನಾ ಎಣ್ಣೆ ನೀರು. ನೆತ್ತಿಗೆ, ಹೊಕ್ಕುಳಿಗೆ, ಮೂಗಿಗೆ, ಕಿವಿಗೆ. ಎರಡನೇ ಪರೀಕ್ಷೆಗೆ ಬರುವ ಮಕ್ಕಳು ಸಾಂಬ್ರಾಣಿ, ಬೆಳ್ಳುಳ್ಳಿ ಘಮಘಮಿಸುತ್ತ, ಕಿವಿಯಲ್ಲಿ ಹತ್ತಿ ತುರುಕಿಸಿಕೊಂಡು ಬರುತ್ತಿದ್ದರು. ಬಿರಡೆಯ ರಂಧ್ರದಲ್ಲಿ ಎಣ್ಣೆ ಸೇರಿ ಯಂತ್ರ ಕೈಕೊಡುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬೈದು ಬೈದು ನನ್ನ ಗಂಟಲೇ ಕೂತುಹೋಗುತ್ತಿತ್ತು. "ಕಿವಿ ನೋಡೋ ಮೇಡಂ ಅಂದ್ರೆ ಮೆತ್ತಗೆ ಮಾತಾಡ್ತಾರೆ ಅಂದ್ಕೊಂಡಿದ್ದೆ," ಎಂದು ಫಿಲೋಮಿನಾ ಸಿಸ್ಟರ್ ನಗುತ್ತಿದ್ದರು.

ಅಂಥ ಒಂದು ದಿನ ಬಂದವರು ಜಯಮ್ಮ, ಅವರ ಮಗಳು ಸವಿತಾ, ಸವಿತಾಳ ತೋಳಲ್ಲಿ ಇನ್ನೂ ಹೆಸರಿಡದ ಹೆಣ್ಣುಮಗು. ಹುಟ್ಟಿದಾಗ ಎರಡು ಕಿವಿಯಲ್ಲೂ ರೆಫರ್ ಬಂದಿದ್ದ ಮಗು. ಕಿವಿಯಲ್ಲಿ ಎಣ್ಣೆ ನಿಂತಿತ್ತು. ಬಯ್ಯಬೇಕಾದಷ್ಟು ಬೈದು, ನಮ್ಮ ಕಿವಿಯ ಡಾಕ್ಟರ ಹತ್ತಿರ ಕಳಿಸಿ ಎಲ್ಲ ಶುಚಿ ಮಾಡಿಸಿ, ಮತ್ತೆ ಬಿರಡೆ ಇಟ್ಟೆ. ಎಡಗಿವಿ, ರೆಫರ್. ಬಲಗಿವಿ, ರೆಫರ್. ಬಿರಡೆ ಬದಲಿಸಿದೆ. ಮತ್ತೆ ಅದೇ.

ಈಗ ದೊಡ್ಡ ಆಸ್ಪತ್ರೆಗೆ ಹೋಗಿ 'ಬೆರಾ' ಎಂಬ ಪರೀಕ್ಷೆ ಮಾಡಿಸಬೇಕು, ಮಗು ಮಲಗಿರುವಾಗ ತಲೆಗೆ ತಂತಿ ಅಂಟಿಸಿ, ಶಬ್ದ ಮಿದುಳಿಗೆ ತಲುಪುತ್ತದೆಯೇ ಎಂದು ನೋಡುತ್ತಾರೆ, ತಡ ಮಾಡಬೇಡಿ ಎಂದು ಹೇಳಿದೆ. ಯಾಕೆ ತಡ ಮಾಡಬಾರದು ಎಂಬುದನ್ನೂ ಹೇಳಿದೆ. ಮಗು ಒಂದು ಮಾತಾಡುವ ಮುಂಚೆ ಸಾವಿರ ಸಲ ಆ ಮಾತು ಕೇಳಿರಬೇಕು. ಕೇಳಿಸದ ಮಗುವಿಗೆ ಆರು ತಿಂಗಳೊಳಗೆ ಶ್ರವಣಯಂತ್ರ ಹಾಕಿದರೆ ಓರಗೆಯ ಮಕ್ಕಳ ಜೊತೆಗೇ ಮಾತು ಬರುವ ಆಸೆ ಇರುತ್ತದೆ. ಮೂರು ವರ್ಷವಾದರೂ ಮಾತಿಲ್ಲವಲ್ಲ ಎಂದು ಆಗ ಹೊತ್ತುಕೊಂಡು ಬಂದರೆ ಕಳೆದುಹೋದದ್ದನ್ನು ತುಂಬಿಕೊಡುವುದು ಬಹಳ ಕಷ್ಟ.

ಸವಿತಾ ಕಣ್ಣು ಮಿಟುಕಿಸದೆ ಕೇಳಿದಳು. ಜಯಮ್ಮ ಮಾತ್ರ ತಲೆಯಾಡಿಸಿದರು. "ಒಳಗೆಲ್ಲೋ ಇನ್ನೊಂಚೂರು ಎಣ್ಣೆ ಉಳ್ಕೊಂಡಿರ್ಬೇಕು ಕಣಮ್ಮ. ನಮ್ಮ ಮಗೀಗೆ ಚೆನ್ನಾಗ್ ಕೇಳಿಸ್ತದೆ. ಅವರ ತಾತ ದಿನಾ ನೋಡ್ತಾರೆ."

ಅವರು ದೊಡ್ಡ ಆಸ್ಪತ್ರೆಗೆ ಹೋಗಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿದ್ದವರು ತಾತ. "ಹಲೋ! ಯಾರು? ಜೋರಾಗ್ ಮಾತಾಡಿ!" ಎಂದು ಅವರೇ ಜೋರಾಗಿ ಕೂಗಿ ಇಟ್ಟುಬಿಡುತ್ತಿದ್ದರು. ಶ್ರಾವಣ ಕಳೆಯಿತು. ಗಣೇಶನನ್ನು ಕೂರಿಸಿ ಮುಳುಗಿಸಿದ್ದೂ ಆಯಿತು. ಪ್ರತಿವಾರವೂ ಆ ಮಗುವಿನ ಒಂದೊಂದು ವಾರ ಕಳೆಯುತ್ತಿದೆ ಎಂದು ನನಗೆ ಸಂಕಟ. ಒಂದು ದಿನ ಡ್ಯೂಟಿ ಮುಗಿದದ್ದೇ ಕೊಡೆ ಹಿಡಿದು ಕಾಮಾಕ್ಷಿಪಾಳ್ಯದ ಬಸ್ಸು ಹತ್ತಿದೆ.

ಆ ಬೀದಿಯ ಸದ್ದನ್ನು ಹೇಗೆ ಹೇಳಲಿ? ಒಂದು ಕಡೆ ಲೇತು ಕಿರುಗುಟ್ಟುತ್ತದೆ, ಇನ್ನೊಂದು ಕಡೆ ಗ್ರೈಂಡಿಂಗ್ ಕಿಡಿ ಹಾರುತ್ತದೆ, ಮೇಲಿನ ಮಹಡಿಗಳಲ್ಲಿ ಗಾರ್ಮೆಂಟ್ಸಿನ ಹೊಲಿಗೆ ಯಂತ್ರಗಳ ಮೊರೆತ. ಮನೆಗಳೆಲ್ಲ ವರ್ಕ್‌ಶಾಪುಗಳ ತಲೆಯ ಮೇಲೇ ಇವೆ. ಮಗುವಿನ ತಾತ ಕೆಂಪಣ್ಣನವರದೂ ಹಾಗೇ. ಕೆಳಗೆ ಶೆಡ್ಡಿನಲ್ಲಿ ಒಂದು ಪವರ್ ಪ್ರೆಸ್. ಅದರಡಿ ಕಬ್ಬಿಣದ ತಗಡು ಇಟ್ಟು ಪೆಡಲ್ ಒತ್ತಿದರೆ ಢಬ್ ಎಂದು ಬಡಿದು ಬಾಗಿಲ ಚಿಲಕದ ಪಟ್ಟಿ ಕತ್ತರಿಸಿ ಬೀಳಿಸುತ್ತದೆ. ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಮೇಲೆ ಎರಡು ಕೋಣೆಯ ಮನೆ.

ಕೆಂಪಣ್ಣ ಐವತ್ತು ದಾಟಿದ ಗಟ್ಟಿ ಆಳು. ಹರೆಯದಲ್ಲಿ ಬಿನ್ನಿಪೇಟೆ ಕಡೆ ಮಗ್ಗದ ಶೆಡ್ಡುಗಳಲ್ಲಿ ದುಡಿದು ಅರ್ಧ ಕಿವಿ ಅಲ್ಲೇ ಬಿಟ್ಟು ಬಂದವರು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ನಾನು ಯಾರೆಂದು ತಿಳಿದ ಮೇಲೂ ಬೇಸರಪಟ್ಟುಕೊಳ್ಳಲಿಲ್ಲ. "ಬನ್ನಿ ಮೇಡಂ ಬನ್ನಿ, ಮೊದ್ಲು ಕಾಫಿ," ಎಂದು ಮೇಲೆ ಕರೆದೊಯ್ದರು. ಜಯಮ್ಮ ಒಲೆ ಮುಂದಿದ್ದರು. ಕುಕ್ಕರ್ ಕೂಗಿತು, ಕೆಳಗೆ ಯಾರೋ ಪ್ರೆಸ್ ಓಡಿಸುತ್ತಿದ್ದ ಸದ್ದಿನಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೆ. "ಆಂಟಿ, ಕುಕ್ಕರ್," ಎಂದೆ.

"ಅಯ್ಯೋ, ಎಷ್ಟನೇದೋ ಏನೋ! ಈ ಮನೇಲಿ ಕುಕ್ಕರ್ ಕೂಗಿದ್ದು ಯಾರಿಗೆ ಕೇಳ್ತದೆ? ನಮ್ಮ ಮನೆ ಅನ್ನ ಯಾವಾಗ್ಲೂ ಅಂಟಂಟು," ಎಂದು ಜಯಮ್ಮ ಓಡಿದರು.

ಕೆಂಪಣ್ಣ ನನ್ನನ್ನು ಕೂರಿಸಿ, ತಮ್ಮ ಪರೀಕ್ಷೆ ತೋರಿಸಲು ಎದ್ದರು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮಗು. ತಾತನ ಮುಖ ಕಂಡರೆ ಸಾಕು, ಬೊಚ್ಚು ಬಾಯಿ ಅಗಲಿಸಿ ನಗುತ್ತಿತ್ತು. ಕೆಂಪಣ್ಣ ಕಿಟಕಿಯಿಂದ ಬಗ್ಗಿ ಕೆಳಗಿನವನಿಗೆ ನಿಲ್ಲಿಸು ಎಂದು ಕೈ ಮಾಡಿದರು. ಪ್ರೆಸ್ ನಿಂತಿತು. ಮಗು ಅತ್ತಿತ್ತ ನೋಡಿ ಸುಮ್ಮನಾಯಿತು. "ಈಗ ನೋಡಿ," ಎಂದು ಮತ್ತೆ ಕೈ ಬೀಸಿದರು.

ಢಬ್.

ಮಗು ಎರಡೂ ಕೈ ಮೇಲೆತ್ತಿ ಬೆಚ್ಚಿಬಿತ್ತು.

"ಕೇಳಿಸ್ತು ನೋಡಿ! ಮಿಷಿನ್ ಪಾಸ್ ಮಾಡ್ದೇ ಇದ್ರೇನು, ನಾನು ಪಾಸ್ ಮಾಡಿದೀನಿ!" ಕೆಂಪಣ್ಣನವರ ಮುಖದ ತುಂಬ ಬೆಳಕು. ಆ ಮನೆಯವರೆಲ್ಲ ಇದನ್ನೇ ದಿನಾ ನೋಡಿ ನಂಬಿದ್ದರು. ಯಂತ್ರದ ಜೊತೆ ಬದುಕಿದವರು ಯಂತ್ರವನ್ನಲ್ಲದೆ ಬೇರೆ ಏನನ್ನು ನಂಬುತ್ತಾರೆ? ಒಂದು ಗಳಿಗೆ ನನಗೇ ಅನುಮಾನ ಬಂತು. ಆಮೇಲೆ ಕೈಯಲ್ಲಿದ್ದ ಕಾಫಿ ಲೋಟ ನೋಡಿಕೊಂಡೆ. ಪ್ರತಿ ಬಡಿತಕ್ಕೂ ಕಾಫಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಚಪ್ಪಲಿ ಬಿಟ್ಟ ನನ್ನ ಅಂಗಾಲಿಗೂ ಅದೇ ನಡುಕ.

"ಅಣ್ಣಾ, ನೆಲ ಅಲ್ಲಾಡ್ತಿದೆ. ಮಗು ಬೆಚ್ಚಿದ್ದು ಅದಕ್ಕೆ. ಕಿವಿಗೆ ಕೇಳಿಸಿ ಅಲ್ಲ."

ಅವರ ಮುಖದ ಬೆಳಕು ಆರಿತು. "ಒಂದ್ಸಲ ಪಾಸಾದ್ಮೇಲೆ ಮತ್ತೆ ಫೇಲ್ ಮಾಡೋಕೆ ಬಂದಿದೀರಾ?"

ನಾನು ಸಮಾಧಾನದಿಂದಲೇ ಶುರು ಮಾಡಿದೆ. ಆದರೆ ಪ್ರೆಸ್ಸಿನ ಸದ್ದನ್ನು ಮೀರಿಸಿ, ಅರ್ಧ ಕಿವಿ ಕೇಳದವರಿಗೆ ಹೇಳಬೇಕಾದರೆ ಎಂಥ ಸಮಾಧಾನದ ಮಾತೂ ಜಗಳವಾಗುತ್ತದೆ. ನಾನು ಕೂಗಿದೆ, ಅವರು ಕೂಗಿದರು. "ನನ್ ಮೊಮ್ಮಗಳನ್ನ ಕಿವುಡಿ ಅನ್ಬೇಡಿ ಮೇಡಂ! ಮಗ್ಗ ನೋಡಿ ಕಿವಿ ಕಳ್ಕೊಂಡವನು ನಾನು. ಅವಳೆಲ್ಲಿ ನೋಡಿದಾಳೆ?" ಎಂದರು. ನಾನು ಕೊಡೆ ತೆಗೆದುಕೊಂಡು ಎದ್ದುಬಂದೆ.

ಮೆಟ್ಟಿಲ ಕೆಳಗೆ ಸವಿತಾ ಹಿಂದೆಯೇ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಮೇಡಂ, ಎದುರಿಗೆ ಬಂದ್ರೆ ನಗ್ತಾಳೆ. ಬೆನ್ನ ಹಿಂದೆ ನಿಂತು ಎಷ್ಟ್ ಸಲ ಕರ್ದಿದೀನೋ. ಬಳೆ ಅಲ್ಲಾಡಿಸ್ತೀನಿ, ಚಪ್ಪಾಳೆ ತಟ್ತೀನಿ. ಊಹೂಂ. ನಂಗೊತ್ತು ಅನ್ಸತ್ತೆ. ಆದ್ರೆ ಅಪ್ಪನ ಎದೆ ಒಡೆದು ಹೋಗತ್ತೆ ಮೇಡಂ. ಅವ್ರಾಗೇ ಒಪ್ಪಲಿ. ಸ್ವಲ್ಪ ತಡೀರಿ."

"ತಡೆಯೋಕೆ ಟೈಮಿಲ್ಲ ಕಣೇ," ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳು ನುಂಗಿಕೊಂಡು ಕೂತಿದ್ದೆ.

ನವರಾತ್ರಿ ಬಂತು. ಮಳೆ ನಿಂತು ಬಿಸಿಲು ತೊಳೆದಂತೆ ಬಿದ್ದಿತ್ತು. ಆಯುಧಪೂಜೆಯ ದಿನ ನಮ್ಮ ಆಸ್ಪತ್ರೆಯಲ್ಲೂ ಸಡಗರ. ಆಂಬ್ಯುಲೆನ್ಸಿಗೆ ಬಾಳೆಕಂದು ಕಟ್ಟಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನನ್ನ ಯಂತ್ರಕ್ಕೂ ಸೇವಂತಿಗೆ ಹಾರ ಬಿತ್ತು, ಹಣೆಯಂತಿದ್ದ ಜಾಗದಲ್ಲಿ ದೊಡ್ಡ ಕುಂಕುಮ. ಬಿರಡೆಗೂ ಅರಿಶಿನ ಹಚ್ಚಲು ಬಂದ ಆಯಾಳ ಕೈ ಹಿಡಿದು ನಿಲ್ಲಿಸಿದೆ. ಮಧ್ಯಾಹ್ನ ಸವಿತಾಳ ಫೋನ್. "ಶೆಡ್ಡಲ್ಲಿ ಸಂಜೆ ಪೂಜೆ ಮೇಡಂ. ಅಪ್ಪನೇ ಕರೀ ಅಂದ್ರು. ಹಬ್ಬದ ದಿನ ಮನಸ್ಸಲ್ಲಿ ಇಟ್ಕೋಬಾರ್ದಂತೆ, ಬನ್ನಿ." ನನಗೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬೇಕಿರಲಿಲ್ಲ. ಹೋದೆ.

ಬೀದಿಗೆ ಕಾಲಿಟ್ಟಾಗ ದಾರಿ ತಪ್ಪಿದೆನೇನೋ ಅನ್ನಿಸಿತು. ಒಂದು ಯಂತ್ರವೂ ಓಡುತ್ತಿರಲಿಲ್ಲ. ಆ ದಿನ ಆಯುಧ ಮುಟ್ಟುವಂತಿಲ್ಲ. ಲೇತು, ಡ್ರಿಲ್ಲು, ಹೊಲಿಗೆ ಯಂತ್ರ ಎಲ್ಲ ಹೂ ಮುಡಿದು ಕೂತಿದ್ದವು. ಬೀದಿಗೆ ಸದ್ದೇ ಇಲ್ಲ ಅಂತಲ್ಲ. ಕಾಗೆ ಕೂಗುತ್ತಿತ್ತು, ಯಾರದೋ ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅವೆಲ್ಲ ಅಲ್ಲಿ ಇವೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಶೆಡ್ಡಿನಲ್ಲಿ ಪ್ರೆಸ್ಸನ್ನು ತೊಳೆದು ಒರೆಸಿ ಮೂರು ಬೆರಳ ವಿಭೂತಿ ಎಳೆದಿದ್ದರು. ಮುಂದೆ ಕಡ್ಲೆಪುರಿ, ಬೂಂದಿ, ಬಾಳೆಹಣ್ಣು. ಒಡೆಯಲು ಕುಂಕುಮ ತುಂಬಿದ ಬೂದುಗುಂಬಳಕಾಯಿ. ಅಕ್ಕಪಕ್ಕದ ಮನೆಯವರೂ ಬಂದಿದ್ದರು. ಒಬ್ಬಾಕೆಯ ತೋಳಲ್ಲಿ ಸವಿತಾಳ ಮಗುವಿನಷ್ಟೇ ದೊಡ್ಡ ಇನ್ನೊಂದು ಕೂಸು. ಕೆಂಪಣ್ಣ ಹೊಸ ಪಂಚೆಯುಟ್ಟು, ನಿದ್ದೆ ಹೋದ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಪ್ರೆಸ್ಸಿನ ಮುಂದೆ ನಿಂತಿದ್ದರು. ನನ್ನನ್ನು ಕಂಡು ಸಂಕೋಚದಿಂದ ನಕ್ಕರು. ಜಯಮ್ಮ ಮಂಗಳಾರತಿ ಹಚ್ಚಿದರು. ಸವಿತಾಳ ಗಂಡ ಮಹೇಶ ಜಾಗಟೆ ಎತ್ತಿಕೊಂಡು ಬಾರಿಸಿದ.

ತಗಡಿನ ಶೀಟಿನ ಶೆಡ್ಡು. ಜಾಗಟೆಯ ಸದ್ದು ನಾಲ್ಕು ಗೋಡೆಗೂ ಬಡಿದು ಕಿವಿ ಸೀಳುವಂತೆ ತುಂಬಿಕೊಂಡಿತು. ದೊಡ್ಡವರೇ ಮುಖ ಕಿವುಚಿದರು. ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿಕೊಂಡಿತು, ಅದರ ತಾಯಿ ಕಿವಿ ಮುಚ್ಚಿ ಹೊರಗೆ ಓಡಿದಳು. ಕೆಂಪಣ್ಣ ಓಡಿದವಳನ್ನು ನೋಡಿದರು. ಆಮೇಲೆ ತಮ್ಮ ಹೆಗಲ ಕಡೆ ಕಣ್ಣು ಹೊರಳಿಸಿದರು. ಜಾಗಟೆ ಒಂದು ಮೊಳ ದೂರದಲ್ಲಿತ್ತು. ಮಗು ಬಾಯಿ ಅರ್ಧ ತೆರೆದು, ಜೊಲ್ಲು ಸುರಿಸಿಕೊಂಡು, ಹಾಯಾಗಿ ಮಲಗಿತ್ತು.

"ನಿದ್ದೆ ಗಟ್ಟಿ," ಎಂದರು ಜಯಮ್ಮ, ಆರತಿ ತಟ್ಟೆ ಹಿಡಿದು.

ಕೆಂಪಣ್ಣ ಕೈ ಎತ್ತಿ ಜಾಗಟೆ ನಿಲ್ಲಿಸಿದರು. "ಮಹೇಶ, ಇನ್ನೊಂದ್ಸಲ ಬಾರ್ಸಪ್ಪ. ಹತ್ರ ಬಾ. ಇನ್ನೂ ಹತ್ರ." ಮಹೇಶ ಬಾರಿಸಿದ. ಅವನ ಕೈ ಸೋಲುವವರೆಗೂ ಬಾರಿಸಿದ. ಮಗುವಿನ ರೆಪ್ಪೆ ಕೂಡ ಅಲುಗಲಿಲ್ಲ. ಕೆಂಪಣ್ಣ ತಮ್ಮ ಬರಿಗಾಲನ್ನು ನೋಡಿಕೊಂಡರು. ಪ್ರೆಸ್ಸಿನ ಮೈಮೇಲೆ ಅಂಗೈ ಇಟ್ಟು ನೋಡಿದರು.

"ಇವತ್ತು ನೆಲ ಅಲ್ಲಾಡ್ತಿಲ್ಲ," ಎಂದರು.

ಬಂದವರಿಗೆ ಅದೇನೆಂದು ತಿಳಿಯಲಿಲ್ಲ. ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಂಪಣ್ಣ ನನ್ನ ಕಡೆ ತಿರುಗಿ, "ಅವತ್ತು ನೀವು ಹೇಳಿದ್ದು ಇದೇನಾ ಮೇಡಂ?" ಎಂದು ಕೇಳಿದರು. ಅವರ ಬಾಯಿಂದ ಈ ಮಾತು ಬರಲಿ ಎಂದು ವಾರಗಟ್ಟಲೆ ಕಾದಿದ್ದೆ. ಬಂದಾಗ ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ. ಹೂಂ ಎಂದಷ್ಟೇ ಅಂದೆ.

"ಇಷ್ಟ್ ವರ್ಷ ಅನ್ನ ಹಾಕಿದ ಮಿಷಿನು, ನಂಗೆ ಸುಳ್ಳು ಹೇಳ್ತಲ್ಲ ಮೇಡಂ," ಎಂದು ಎಲ್ಲರ ಎದುರೇ ಅತ್ತುಬಿಟ್ಟರು.

"ಮಿಷಿನ್ ಸುಳ್ಳು ಹೇಳಿಲ್ಲ ಅಣ್ಣ. ನೆಲ ಅಲ್ಲಾಡಿದ್ದು ನಿಮ್ಮ ಮೊಮ್ಮಗಳಿಗೆ ಸರಿಯಾಗೇ ಗೊತ್ತಾಗ್ತಿತ್ತು. ತುಂಬಾ ಚುರುಕಾಗಿದಾಳೆ. ಕಿವಿ ಒಂದಕ್ಕೆ ನಾವು ದಾರಿ ಮಾಡ್ಬೇಕು. ಇನ್ನೂ ಟೈಮಿದೆ."

ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. "ನಿಮ್ ಮಿಷಿನ್ ಇವತ್ತು ಓಡ್ತದಾ?"

"ಅದಕ್ಕೂ ಕುಂಕುಮ ಇಟ್ಟಿದಾರೆ."

"ಹಂಗಾದ್ರೆ ಬೇಡ," ಎಂದರು ಕೆಂಪಣ್ಣ. ಯಂತ್ರದ ಮರ್ಯಾದೆ ಅವರಿಗೆ ಗೊತ್ತು. "ಹಬ್ಬ ಮುಗಿದ ಬೆಳಿಗ್ಗೆ ಪ್ರೆಸ್ ಆನ್ ಮಾಡಲ್ಲ. ಮೊದ್ಲು ಆಸ್ಪತ್ರೆ. ಎಲ್ಲಿಗೆ ಅಂತೀರೋ ಅಲ್ಲಿಗೆ."

ಹೇಳಿದಂತೆಯೇ ನಡೆದರು. ಬೆರಾ ಪರೀಕ್ಷೆಯಲ್ಲಿ ಎರಡು ಕಿವಿಗೂ ತೀವ್ರವಾದ ದೋಷವೆಂದು ಬಂತು. ಸ್ವಲ್ಪ ಕೇಳಿಸುವ ಶಕ್ತಿ ಉಳಿದಿತ್ತು. ಯಂತ್ರ ಹಾಕಿದರೆ ಅದು ದುಡಿಯಬಹುದು ಎಂದರು. ಅವತ್ತು ವಾಪಸು ಬರುವಾಗ ಆಟೋದಲ್ಲಿ ಜಯಮ್ಮ ನನ್ನ ಕೈ ಹಿಡಿದುಕೊಂಡರು. "ನಾನ್ ಎಣ್ಣೆ ಬಿಟ್ಟಿದ್ದಕ್ಕಾ ಮೇಡಂ? ನಿಜ ಹೇಳಿ." ಅಲ್ಲ ಎಂದೆ. ಹುಟ್ಟುವಾಗಲೇ ಹಾಗಿತ್ತು, ಎಣ್ಣೆ ಮುಟ್ಟುವ ಮುಂಚೆಯೇ ನಾನು ನೋಡಿದ್ದೆನಲ್ಲ ಎಂದೆ. ಅವರು ನಂಬಲಿಲ್ಲ. ಮಾರನೆ ವಾರ ಮತ್ತೆ ಕೇಳಿದರು, ಅದರ ಮಾರನೆ ವಾರವೂ ಕೇಳಿದರು. ಎಣ್ಣೆಗಾಗಿ ಊರಿಗೆಲ್ಲ ಬೈಯುತ್ತಿದ್ದ ನಾನು ಆ ಒಬ್ಬ ಅಜ್ಜಿಗೆ ಮಾತ್ರ ಎಣ್ಣೆಯ ಪರ ವಕಾಲತ್ತು ಮಾಡುತ್ತ ಆ ಚಳಿಗಾಲ ಕಳೆದೆ.

ಸಂಕ್ರಾಂತಿಯ ಆಸುಪಾಸು ಶ್ರವಣಯಂತ್ರ ಬಂತು. ಎರಡು ಕಿವಿಯ ಹಿಂದೆ ಹುರುಳಿಕಾಯಿ ತುಂಡಿನಷ್ಟು ಪುಟ್ಟ ಎರಡು ಯಂತ್ರ, ಕಿವಿಯ ಅಳತೆಗೆ ಮಾಡಿಸಿದ ಮೆತ್ತನೆಯ ಅಚ್ಚು. ಮಗುವಿಗೆ ಆಗ ಮಾನ್ವಿ ಎಂದು ಹೆಸರಿಟ್ಟಾಗಿತ್ತು. ಸವಿತಾಳ ತೊಡೆಯ ಮೇಲೆ ಕೂರಿಸಿ ಹಾಕಿ, ಸ್ವಿಚ್ ಒತ್ತಿದೆವು. ಸವಿತಾ ಮೆಲ್ಲಗೆ ಕರೆದಳು. ಮಗು ಯಂತ್ರವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿತು. ಮತ್ತೆ ಹಾಕಿದೆವು. ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದ ಕೆಂಪಣ್ಣನಿಗೆ ತಡೆಯಲಾಗಲಿಲ್ಲ. "ಪುಟ್ಟೀ!" ಎಂದು ತಮ್ಮ ಎಂದಿನ ಗಂಟಲಲ್ಲಿ ಕೂಗಿಬಿಟ್ಟರು.

ಮಗು ಬೆಚ್ಚಿ, ಎರಡೂ ಕೈ ಮೇಲೆತ್ತಿ, ಗೋಳೋ ಎಂದು ಅಳತೊಡಗಿತು.

"ಹೆದರ್ಕೊಂಡ್ಳು! ನನ್ ದನೀಗೆ ಹೆದರ್ಕೊಂಡ್ಳು!" ಕೆಂಪಣ್ಣ ಕುಣಿಯುವುದೊಂದು ಬಾಕಿ. ಆಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡು, ಅವರ ಜೀವಮಾನದಲ್ಲೇ ಮೊದಲ ಸಲವಿರಬೇಕು, ಪಿಸುಗುಟ್ಟಿದರು: "ತಪ್ಪಾಯ್ತು ಕಂದ." ನಾನು, ಸವಿತಾ ನಗುತ್ತ ನಗುತ್ತ ಅಳುತ್ತಿದ್ದೆವು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಮಾನ್ವಿ ಯಂತ್ರ ಕಿತ್ತೆಸೆಯುತ್ತಿದ್ದಳು. ಒಂದು ಸಲ ಅದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಕೆಂಪಣ್ಣ ತೆಳು ಸ್ಟೀಲಿನಲ್ಲಿ ಒಂದು ಪುಟ್ಟ ಕ್ಲಿಪ್ ಮಾಡಿ, ದಾರ ಕಟ್ಟಿ, ಯಂತ್ರವನ್ನು ಅವಳ ಫ್ರಾಕಿಗೆ ಸಿಕ್ಕಿಸಿದರು. ಅದನ್ನು ಕಂಡು ನಮ್ಮಲ್ಲಿಗೆ ಬರುವ ಬೇರೆ ತಾಯಂದಿರೂ ಕೇಳಿದರು, ಅವರಿಗೂ ಮಾಡಿಕೊಟ್ಟರು. ಪ್ರೆಸ್ಸಿನ ಅಡಿಗೆ ದಪ್ಪ ರಬ್ಬರ್ ಹಾಸಿದರು. ಮಗುವಿಗೆ ಸದಾ ಮಾತಾಡುತ್ತಿರಬೇಕು ಎಂದು ಹೇಳಿದ್ದರಿಂದ ಸಂಜೆ ಹೊತ್ತು ಪ್ರೆಸ್ ನಿಲ್ಲಿಸುವುದು ಆ ಮನೆಯ ಕಾನೂನಾಯಿತು. ಆಗ ಸವಿತಾ ಕೊತ್ತಂಬರಿ ಬಿಡಿಸಿದರೂ, ಬಟ್ಟೆ ಮಡಚಿದರೂ ಬಾಯಿಬಿಟ್ಟು ಹೇಳುತ್ತಿದ್ದಳು. ಒಂದು ಸಂಜೆ ನಾನು ಅಲ್ಲಿದ್ದೆ. ಸವಿತಾ ಮಗುವಿನ ಬೆನ್ನ ಹಿಂದಿನಿಂದ ಬಳೆ ಅಲ್ಲಾಡಿಸಿದಳು. ಮಾನ್ವಿ ಬಾಯಲ್ಲಿದ್ದ ಬೆರಳು ತೆಗೆದು ತಿರುಗಿದಳು. ಸವಿತಾ ಅವತ್ತು ರಾತ್ರಿ ಮಲಗುವಾಗಲೂ ಬಳೆ ಬಿಚ್ಚಲೇ ಇಲ್ಲವಂತೆ.

ಮುಂದೆ ನನಗೆ ಕೆಂಗೇರಿ ಕಡೆ ಬೇರೆ ಕೆಲಸವಾಯಿತು. ಸವಿತಾಳ ಮೆಸೇಜು ಬರುತ್ತಿತ್ತು, ಹೋಗುವುದು ಆಗುತ್ತಿರಲಿಲ್ಲ. ಕಳೆದ ತಿಂಗಳು ಅಮ್ಮನ ಎಣ್ಣೆಯ ವಾಸನೆ ಕೈಗೆ ಅಂಟಿದ ಆ ವಾರವೇ, ಶನಿವಾರ ಮಧ್ಯಾಹ್ನ, ಹೇಳದೆ ಕೇಳದೆ ಕಾಮಾಕ್ಷಿಪಾಳ್ಯಕ್ಕೆ ಹೋದೆ.

ಬೀದಿಯ ಸದ್ದು ಹಾಗೇ ಇತ್ತು. ಕೆಂಪಣ್ಣನ ಕೂದಲು ಪೂರ್ತಿ ನೆರೆತಿತ್ತು, ಕಿವಿ ಇನ್ನಷ್ಟು ಮಂದವಾಗಿತ್ತು. ನನ್ನನ್ನು ಕಂಡು ಪ್ರೆಸ್ ನಿಲ್ಲಿಸದೆಯೇ ಎರಡೂ ಕೈ ಜೋಡಿಸಿ ಸ್ಟೂಲು ಎಳೆದರು. ಒಂದು ತಗಡು ಮುಗಿಸಿಬಿಡುತ್ತೇನೆ ಎಂದು ಸನ್ನೆ ಮಾಡಿದರು. ಢಬ್, ಢಬ್. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಒಂದು ದನಿ.

"ತಾತಾ! ನಿಲ್ಸು!"

ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ಬಾಯಿ ತೆರೆಯುವ ಮೊದಲೇ ಸ್ಕೂಲಿನ ಯೂನಿಫಾರ್ಮಿನಲ್ಲಿದ್ದ ಹುಡುಗಿ ಧಡಧಡ ಇಳಿದು ಬಂದಳು. ಎರಡು ಜಡೆ, ಕಿವಿಗಳ ಹಿಂದೆ ಎರಡು ಗುಲಾಬಿ ಬಣ್ಣದ ಯಂತ್ರ. ತಾತನ ಅಂಗಿ ಜಗ್ಗಿ, ಅವರು ತನ್ನ ತುಟಿ ನೋಡುವಂತೆ ಮುಖ ಎತ್ತಿ ಹಿಡಿದು ಹೇಳಿದಳು: "ಎಷ್ಟ್ ಸಲ ಕರೀಬೇಕು? ನಿನ್ ಸೌಂಡಲ್ಲಿ ನಂಗೆ ಕುಕ್ಕರ್ ವಿಷಲ್ ಲೆಕ್ಕ ತಪ್ಪೋಗತ್ತೆ! ಎರಡಾಯ್ತು. ಅಜ್ಜಿ ಕಾಯ್ತಿದಾಳೆ!"

ಕೆಂಪಣ್ಣ ತಕ್ಷಣ ಸ್ವಿಚ್ ಆಫ್ ಮಾಡಿದರು. ಚಕ್ರ ಸುತ್ತಿ ಸುತ್ತಿ ನಿಂತಿತು. ನಾವು ಮೂವರೂ ಉಸಿರೆತ್ತದೆ ಕಾದೆವು. ಮೇಲಿನಿಂದ ಕುಕ್ಕರ್ ಕೂಗಿತು.

"ನಿಂಗೆ ಕೇಳಿಸ್ತಾ ತಾತ?"

"ನಂಗೆಲ್ಲಿ ಕೇಳ್ತದೆ ಪುಟ್ಟಿ? ನೀನೇ ಹೇಳ್ಬೇಕು," ಎಂದು ಅವರು ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು.

"ಮೂರು!" ಎಂದು ತಾತನ ಕಿವಿಯ ಹತ್ತಿರ ಕೂಗಿ, "ಅಜ್ಜೀ, ಮೂರಾಯ್ತು, ಆಫ್ ಮಾಡು!" ಎನ್ನುತ್ತ ಮಾನ್ವಿ ಮೆಟ್ಟಿಲು ಹತ್ತಿ ಓಡಿದಳು.

ಊಟ ಮಾಡದೆ ಹೋಗಕೂಡದು ಎಂದು ಜಯಮ್ಮ ತಟ್ಟೆ ಇಟ್ಟರು. ಅನ್ನ ಉದುರುದುರಾಗಿತ್ತು.